ಮೊಣಕಾಲಿನ ಎತ್ತರದ ನಲ್ಲಿ

ಇಂದು ದೋಹಾದ ಹಮದ್ ವಿಮಾನ ನಿಲ್ದಾಣದಲ್ಲಿ ನನ್ನ ಉಮ್ಮ, ಅಂದರೆ ಅಮ್ಮ, ಕುಳಿತೇ ವುಜೂ ಮಾಡಿದರು; ನಮಾಜಿಗೆ ಮುನ್ನ ಮುಖ, ಕೈಕಾಲು ತೊಳೆಯುವುದೇ ವುಜೂ.

ಮೊಣಕಾಲಿನ ಎತ್ತರಕ್ಕೆ ನಲ್ಲಿ, ಎದುರಿಗೊಂದು ಪೀಠ. ಕಾಲು ಚಾಚಿದರೆ ಸಾಕು, ನೀರು ಪಾದದ ಮೇಲೆ ಬಿದ್ದು ಹರಿದುಹೋಗುತ್ತದೆ.

ಬೇರೆ ಎಷ್ಟೋ ನಿಲ್ದಾಣಗಳಲ್ಲಿ ಮಂಡಿನೋವಿನ ಉಮ್ಮ ಕೈತೊಳೆಯುವ ಬೇಸಿನ್ನಿಗೆ ಕಾಲೆತ್ತಿಡಬೇಕು, ನಾನು ತೋಳು ಹಿಡಿದುಕೊಂಡಿರಬೇಕು. ಸುತ್ತಲಿನವರ ನೋಟ ಬೇರೆ. ಆಮೇಲೆ ನೆಲ ಒದ್ದೆಯಾಯಿತೆಂದು ಉಮ್ಮನೇ ಬಗ್ಗಿ ಒರೆಸುತ್ತಾರೆ. ನನಗೆ ಅದನ್ನು ನೋಡಲಾಗುವುದಿಲ್ಲ.

ಪ್ರಯಾಣದಲ್ಲಿರುವವರಿಗೆ ಸಂಜೆಯ ಮುಂಚಿನ ಅಸರ್ ನಮಾಜಿನ ನಾಲ್ಕು ರಕಅತ್‌ಗಳನ್ನು (ನಿಂತು, ಬಾಗಿ, ಸಾಷ್ಟಾಂಗ ಮಾಡುವ ಒಂದೊಂದು ಸುತ್ತು) ಎರಡಕ್ಕೆ ಇಳಿಸಿಕೊಳ್ಳುವ ರಿಯಾಯಿತಿ ಇದೆ. ದಣಿದ ದೇಹದ ಬಗ್ಗೆ ಎಂತಹ ಕಾಳಜಿ! ವಿಮಾನ ನಿಲ್ದಾಣ ಕಟ್ಟುವವರಲ್ಲಿ ನನ್ನದೊಂದೇ ಕೋರಿಕೆ: ಪ್ರಾರ್ಥನಾ ಕೊಠಡಿ ಚಿಕ್ಕದಿದ್ದರೂ ಅಡ್ಡಿಯಿಲ್ಲ, ಬಾಗಿಲ ಪಕ್ಕದಲ್ಲಿ ಇಂಥದೊಂದು ನಲ್ಲಿ ಹಾಕಿಸಿ. ಹೆಂಗಸರ ಕಡೆಗೂ.