ಉಪ್ಪಿನಲ್ಲಿ ಬೆಳೆಯುವ ಬೂಷ್ಟು: ಸಾಣಿಕಟ್ಟಾ ಜಾಡಿಗಳ ಈಗಿನ ಸ್ಥಿತಿ

ಉಪ್ಪಿಲ್ಲದೆ ಬೆಳೆಯದ ಬೂಷ್ಟು ಸಿಗುತ್ತದಾ ಅಂತ ಹುಡುಕಲು ಬೇರೆ ಬೇರೆ ಪ್ರಮಾಣದ ಉಪ್ಪಿನ ಜಾಡಿಗಳನ್ನು ಇಟ್ಟಿದ್ದೇನೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪಿನ ಆಗರದಿಂದ ತಂದ ನೀರಿನಲ್ಲಿ ಕೊನೆಗೂ ಬೂಷ್ಟು ಬೆಳೆದಿದೆ! 10 ಪರ್ಸೆಂಟ್ ಉಪ್ಪಿನ ಜಾಡಿಯಲ್ಲಿ ಎರಡು ಬಗೆ ಕಾಣುತ್ತಿವೆ. ಒಂದು ಡಾಂಬರಿನ ಹನಿಯ ಹಾಗೆ ಕಪ್ಪಗೆ, ಅಂಟಂಟಾಗಿ ಹೊಳೆಯುತ್ತದೆ. ಇನ್ನೊಂದು ಒಣ ಕಂದು ಚುಕ್ಕೆ, ಅಗಲ ಒಂದೆರಡು ಮಿಲಿಮೀಟರ್ ಅಷ್ಟೇ. 25 ಪರ್ಸೆಂಟ್ ಜಾಡಿಯಲ್ಲಿ ಕಪ್ಪಿನದು ಮಾತ್ರ ಇದೆ, ಅದೂ ತುಂಬಾ ನಿಧಾನ.

ಬೆಳೆಸೋಕೆ ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮೊಳಕೆ ಬರಿಸಿದ ಬಾರ್ಲಿಯ ಸಾರ), ಅಗರ್ (ಕಡಲಪಾಚಿಯಿಂದ ಮಾಡುವ, ಜೆಲ್ಲಿಯಂತೆ ಗಟ್ಟಿಯಾಗುವ ಪುಡಿ), ಉಪ್ಪು ಸಾಕು. ಉಪ್ಪು ಜಾಸ್ತಿಯಾದರೆ ಅಗರ್ ಸರಿಯಾಗಿ ಕರಗುವುದಿಲ್ಲ. ಅದಕ್ಕೆ ಎರಡನ್ನೂ ಬೇರೆ ಬೇರೆಯಾಗಿ ಕುಕ್ಕರಿನಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಬೆರೆಸುತ್ತೇನೆ.

ಕಪ್ಪಿನದು ಹಾರ್ಟಿಯಾ ವೆರ್ನೆಕಿಯೈ ಅನ್ನುವ ಕಪ್ಪು ಶಿಲೀಂಧ್ರ ಇರಬಹುದು ಅನ್ನೋದು ನನ್ನ ಊಹೆ. ಡಿಎನ್‌ಎ ನೋಡದೆ ಖಚಿತವಾಗಿ ಹೇಳುವ ಹಾಗಿಲ್ಲ. ಸ್ಲೊವೇನಿಯಾದ ಸೆಚೊವ್ಲ್ಯೆ ಉಪ್ಪಿನ ಆಗರಗಳಲ್ಲಿ ಇಂಥ ಶಿಲೀಂಧ್ರಗಳು ನಿಜವಾಗಿ ಬದುಕುತ್ತಿವೆ ಅಂತ ಸೂಕ್ಷ್ಮಜೀವಿ ವಿಜ್ಞಾನಿ ನೀನಾ ಗುಂಡೆ-ಸಿಮರ್ಮನ್ ತಂಡ 2000ದಲ್ಲಿ ತೋರಿಸಿಕೊಟ್ಟಿತು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹಾರ್ಟಿಯಾ 300 ಗ್ರಾಂ ದಾಟಿದರೂ ಬೆಳೆಯುತ್ತದೆ. ಹೊರಗಿನ ಉಪ್ಪು ತನ್ನೊಳಗಿನ ನೀರನ್ನು ಎಳೆದುಕೊಳ್ಳದಂತೆ ಅದು ಜೀವಕೋಶದೊಳಗೆ ಗ್ಲಿಸರಾಲ್ ಅನ್ನುವ ಮಂದ ದ್ರವ ತುಂಬಿಸಿಕೊಳ್ಳುತ್ತದೆ. ಆ ಗ್ಲಿಸರಾಲ್ ಸೋರಿಹೋಗದಂತೆ ತಡೆಯುವುದರಲ್ಲಿ ಕೋಶದ ಗೋಡೆಯಲ್ಲಿರುವ ಮೆಲನಿನ್ ಅನ್ನುವ ಬಣ್ಣದ ವಸ್ತುವಿಗೂ ಪಾತ್ರವಿದೆ. ಕಪ್ಪು ಬಣ್ಣವೂ ಅದರದ್ದೇ. ಎಷ್ಟು ಚೆಂದದ ಏರ್ಪಾಡು, ಅಲ್ವಾ? ಹಾರ್ಟಿಯಾ ಅಂಗೈಯಲ್ಲಿ ನೋವಿಲ್ಲದ ಕಪ್ಪು ಕಲೆ ಮಾಡಬಲ್ಲದು. ಹಾಗಾಗಿ ಕೈಗವಸು ಕಡ್ಡಾಯ.

ನನಗೆ ಬೇಕಿರುವುದು ಮಾತ್ರ ಬೇರೆ. ಉಪ್ಪನ್ನು ತಾಳಿಕೊಳ್ಳುವ ಬೂಷ್ಟು ಬಹಳ ಇವೆ. ಉಪ್ಪು ಇಲ್ಲದಿದ್ದರೆ ಬೆಳೆಯದೇ ಇರುವಂಥದ್ದು ತೀರಾ ಅಪರೂಪ. ವಾಲೆಮಿಯಾ ಇಕ್ತಿಯೋಫಾಗಾ ಅಂಥದ್ದು. ಅದಕ್ಕೆ ಕಡಿಮೆ ಅಂದರೂ ಸುಮಾರು 10 ಪರ್ಸೆಂಟ್ ಉಪ್ಪು ಬೇಕು. ಉಪ್ಪು ಹೆಚ್ಚಿದಷ್ಟೂ ಅದರ ಕೋಶದ ಗೋಡೆ ದಪ್ಪವಾಗುತ್ತದೆ.

ಕಂದು ಚುಕ್ಕೆ ಕಂಡಾಗ ಅದೇ ಸಿಕ್ಕಿತೇನೋ ಅನ್ನಿಸಿತ್ತು. ಸ್ವಲ್ಪ ತೆಗೆದು ಉಪ್ಪಿಲ್ಲದ ಅಗರ್ ಮೇಲೆ ಹಚ್ಚಿದೆ. ನಿಧಾನವಾಗಿಯಾದರೂ ಅಲ್ಲೂ ಬೆಳೆಯಿತು. ಅಂದರೆ ಇಕ್ತಿಯೋಫಾಗಾ ಅಲ್ಲ. ಅದರ ಸಂಬಂಧಿ ವಾಲೆಮಿಯಾ ಸೆಬಿ ಇರಬಹುದು. ಒಣಮೀನಿನ ಮೇಲೆ ಕಂದು ಚುಕ್ಕೆ ಇಡುವುದು ಅದೇ.

ಇಕ್ತಿಯೋಫಾಗಾ ಹುಡುಕಲು ಈಗ 17 ಪರ್ಸೆಂಟ್ ಉಪ್ಪಿನ ಹೊಸ ಜಾಡಿಗಳನ್ನು ಇಟ್ಟಿದ್ದೇನೆ. ಮಳೆ ಹಿಡಿಯುವ ಮೊದಲು ಉಪ್ಪು ಹರಳುಗಟ್ಟುವ ಕಟ್ಟೆಯ ನೀರನ್ನೇ ತಂದು ಇವುಗಳಲ್ಲಿ ಹಾಕಬೇಕು.