ಪುಕ್ಕಟೆ ಹಬ್ಬ, ಭಾನುವಾರ ರಾತ್ರಿಯ ಲೆಕ್ಕ

ವಿಯೆನ್ನಾದ ಡೋನೌಇನ್ಸೆಲ್‌ಫೆಸ್ಟ್‌ಗೆ ಟಿಕೆಟ್ಟೇ ಇಲ್ಲ. 1984ರಲ್ಲಿ ಶುರುವಾಗಿ, ಡ್ಯಾನ್ಯೂಬ್ ನದಿಯ ಡೋನೌಇನ್ಸೆಲ್ ದ್ವೀಪದಲ್ಲಿ ನಡೆಯುವ ಈ ಬಯಲು ಸಂಗೀತೋತ್ಸವಕ್ಕೆ ಬೇಸಿಗೆಯ ಒಂದು ಶುಕ್ರವಾರದಿಂದ ಭಾನುವಾರದವರೆಗೆ ಯಾರು ಬೇಕಾದರೂ ನಡೆದುಕೊಂಡು ಒಳಗೆ ಹೋಗಬಹುದು. ಸಾಮಾನ್ಯವಾಗಿ ಜೂನ್ ಕೊನೆಯ ಹೊತ್ತು, ಆದರೆ ದಿನಾಂಕ ವರ್ಷ ವರ್ಷ ಬದಲಾಗುತ್ತದೆ. ಮೂರು ದಿನಕ್ಕೆ ಸುಮಾರು 30 ಲಕ್ಷ ಎಂದು ಪತ್ರಿಕೆಗಳು ಬರೆಯುವುದು ತಲೆಗಳ ಲೆಕ್ಕವಲ್ಲ, ಭೇಟಿಗಳ ಲೆಕ್ಕ. ಮೂರೂ ದಿನ ಹೋದವರು ಮೂರು ಸಲ ಎಣಿಕೆಗೆ ಸಿಗುತ್ತಾರೆ. ಹಾಗಿದ್ದೂ ಜಾತ್ರೆ ಜಾತ್ರೆಯೇ. ನಡೆಸುವುದು ವಿಯೆನ್ನಾದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ, ಹಾಗಾಗಿ ಗಿಟಾರಿನ ನಡುವೆ ಪಕ್ಷದ ಬಾವುಟ ಕಂಡರೆ ದಾರಿ ತಪ್ಪಿದ್ದೇವೆ ಅಂದುಕೊಳ್ಳಬೇಡಿ.

ಜರ್ಮನಿಯಲ್ಲಿ ಓದುವ ನಮ್ಮ ಹುಡುಗ ಹುಡುಗಿಯರಿಗೆ ಇದು ವಾರಾಂತ್ಯದಲ್ಲಿ ಹೋಗಿಬರುವಷ್ಟು ದೂರ. ಒಳಗೆ ಹೋಗಲು ಕಾಸು ಬೇಡ, ನಿಜ. ಕಾಸು ಹೋಗುವುದು ದಾರಿಗೆ, ಹಾಸಿಗೆಗೆ, ಅದಕ್ಕಿಂತ ಹೆಚ್ಚಾಗಿ ಭಾನುವಾರ ರಾತ್ರಿ ತಪ್ಪಿದ ಲೆಕ್ಕಕ್ಕೆ.

ಮೊದಲು ಕಾಗದಪತ್ರ. ಜರ್ಮನಿಯ ವಾಸ ಪರವಾನಗಿ ಕಾರ್ಡ್ ಇದ್ದರೆ ಆಸ್ಟ್ರಿಯಾಕ್ಕೆ ಬೇರೆ ವೀಸಾ ಬೇಡ. ಯಾವುದೇ 180 ದಿನಗಳಲ್ಲಿ 90 ದಿನ ಇತರ ಷೆಂಗೆನ್ ದೇಶಗಳಲ್ಲಿ ಇರಬಹುದು. ಆದರೆ ಕಾರ್ಡಿನ ಜೊತೆ ಪಾಸ್‌ಪೋರ್ಟೂ ಜೇಬಲ್ಲಿರಲಿ, ಫೋಟೋ ಸಾಲದು. ಆಸ್ಟ್ರಿಯಾದ ಗಡಿಯಲ್ಲಿ ಜರ್ಮನಿ 2015ರಿಂದ ತಪಾಸಣೆ ನಡೆಸುತ್ತಿದೆ. ಬರುವಾಗ ಗಡಿಯ ಊರು ಫ್ರೈಲಾಸಿಂಗ್‌ನಲ್ಲಿ ಪೊಲೀಸರು ರೈಲು ಹತ್ತುವುದು ಮಾಮೂಲು. ನಿಜವಾದ ತೊಂದರೆ ಪರವಾನಗಿ ನವೀಕರಣಕ್ಕೆ ಅರ್ಜಿ ಹಾಕಿ ಕಾಯುತ್ತಿರುವವರದ್ದು. ಅವರ ಕೈಗೆ ಸಿಗುವ ತಾತ್ಕಾಲಿಕ ಕಾಗದ, ಫಿಕ್ಷಿಯೋನ್ಸ್‌ಬೆಶೈನಿಗುಂಗ್, ನೋಡಲು ಎಲ್ಲರದ್ದೂ ಒಂದೇ. ಒಳಗೆ ಯಾವ ಚೌಕದಲ್ಲಿ ಗುರುತು ಹಾಕಿದ್ದಾರೆ ನೋಡಿ. ಜರ್ಮನಿಯ ವಾಸ ಕಾನೂನಿನ 81ನೇ ಕಲಮಿನ 4ನೇ ಉಪಕಲಮಿನ ಎದುರು ಇದ್ದರೆ ಹಳೆಯ ಪರವಾನಗಿಯೇ ಮುಂದುವರಿದ ಹಾಗೆ. ಹಳೆಯ ಕಾರ್ಡನ್ನೂ ಸೇರಿಸಿ ಇಟ್ಟುಕೊಂಡು ಹೋಗಿಬರಬಹುದು. 3ನೇ ಉಪಕಲಮಿನ ಎದುರು ಇದ್ದರೆ ಜರ್ಮನಿಯೊಳಗೆ ಇರಲು ಮಾತ್ರ ಅನುಮತಿ. ಗಡಿ ದಾಟಿದರೆ ವಾಪಸ್ ಬರುವ ಹಕ್ಕು ಆ ಕಾಗದಕ್ಕಿಲ್ಲ. ಅಂಥವರು ಮನೆಯಲ್ಲೇ ಇರುವುದು ಮೇಲು. ಐರ್ಲೆಂಡ್, ಬ್ರಿಟನ್‌ನಲ್ಲಿ ಓದುವವರಿಗೆ ಷೆಂಗೆನ್ ವೀಸಾ ಬೇಕೇ ಬೇಕು. ಶುಲ್ಕ 90 ಯೂರೋ. ಅರ್ಜಿ ಕನಿಷ್ಠ 15 ದಿನ ಮೊದಲು ಹೋಗಬೇಕು.

ಮ್ಯೂನಿಕ್‌ನಿಂದ ವೇಗದ ರೈಲು ರೈಲ್‌ಜೆಟ್‌ನಲ್ಲಿ ವಿಯೆನ್ನಾ ಸುಮಾರು ನಾಲ್ಕು ಗಂಟೆ. ಬೇಗ ಬುಕ್ ಮಾಡದಿದ್ದರೆ ದುಬಾರಿ. ವಿದ್ಯಾರ್ಥಿಗಳ ದಾರಿ ಬೇರೆಯೇ: ಜರ್ಮನಿಯ ಪ್ರಾದೇಶಿಕ ರೈಲುಗಳ ತಿಂಗಳ ಪಾಸ್, ಡಾಯ್ಚ್‌ಲಾಂಡ್ ಟಿಕೆಟ್, ಗಡಿಯಾಚೆಯ ಸಾಲ್ಜ್‌ಬರ್ಗ್ ನಿಲ್ದಾಣದವರೆಗೂ ನಡೆಯುತ್ತದೆ. ಹಾಗಾಗಿ ಅಲ್ಲಿಯವರೆಗೆ ಪ್ರಾದೇಶಿಕ ರೈಲಿನಲ್ಲಿ ಹೋಗಿ, ಅಲ್ಲಿಂದ ವಿಯೆನ್ನಾಕ್ಕೆ ಮಾತ್ರ ಟಿಕೆಟ್ ತೆಗೆದರೆ ಖರ್ಚು ಇಳಿಯುತ್ತದೆ. ಸಾಲ್ಜ್‌ಬರ್ಗ್‌ನಿಂದ ಎರಡೂವರೆ ಗಂಟೆ. ಇದರಲ್ಲೊಂದು ಕೊಕ್ಕೆ ಇದೆ. ಎರಡೂ ಬೇರೆ ಬೇರೆ ಟಿಕೆಟ್ ಆದ್ದರಿಂದ ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ, ಮತ್ತು ಸ್ಪಾರ್‌ಷೀನೆಯಂಥ ಅಗ್ಗದ ಟಿಕೆಟ್ ಆ ಒಂದು ರೈಲಿಗೆ ಮಾತ್ರ. ನಡುವೆ ಒಂದು ಗಂಟೆ ಬಿಡಿ. ಗಡಿ ತಪಾಸಣೆ ಇರುವ ವಾಪಸ್ ದಾರಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚು.

ಹಾಸ್ಟೆಲ್ ಹುಡುಕುವಾಗ ನಗರದ ಮಧ್ಯಭಾಗಕ್ಕೆ ಎಷ್ಟು ಹತ್ತಿರ ಎಂದು ನೋಡಬೇಡಿ, ಯಾವ ಮೆಟ್ರೋ ಸಾಲಿನಲ್ಲಿದೆ ನೋಡಿ. ಯು1 ನೇರವಾಗಿ ಡೋನೌಇನ್ಸೆಲ್ ನಿಲ್ದಾಣಕ್ಕೆ ಹೋಗುತ್ತದೆ, ಮುಖ್ಯ ರೈಲು ನಿಲ್ದಾಣ ಹೌಪ್ಟ್‌ಬಾನ್‌ಹೋಫ್‌ನಿಂದಲೂ ಅದೇ ಸಾಲು. ಪಶ್ಚಿಮದ ರೈಲು ನಿಲ್ದಾಣ ವೆಸ್ಟ್‌ಬಾನ್‌ಹೋಫ್ ಕಡೆ ಇಳಿದವರಿಗೆ ಯು6 ವಾಸಿ. ಅದರ ಹ್ಯಾಂಡಲ್ಸ್‌ಕೈ, ನೊಯೆ ಡೋನೌ ನಿಲ್ದಾಣಗಳೆರಡೂ ದ್ವೀಪದ ಇನ್ನೊಂದು ತುದಿಗೆ ಹತ್ತಿರ. ದ್ವೀಪದಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ.

ಇದು ಶ್ರೀರಂಗಪಟ್ಟಣದಂತೆ ನದಿಯೇ ಕವಲೊಡೆದು ಮಾಡಿದ ದ್ವೀಪವಲ್ಲ. ಪ್ರವಾಹದ ನೀರು ಹರಿದುಹೋಗಲೆಂದು 1972ರಿಂದ 1988ರವರೆಗೆ ಡ್ಯಾನ್ಯೂಬ್ ಪಕ್ಕ ಹೊಸ ಕಾಲುವೆ ತೋಡಿದರು. ಆ ಮಣ್ಣನ್ನು ಸುರಿದು ಕಟ್ಟಿದ್ದು ಈ ದಿಬ್ಬ. ಉದ್ದ 21 ಕಿಲೋಮೀಟರ್, ಅಗಲ ಎಲ್ಲೂ ಕಾಲು ಕಿಲೋಮೀಟರ್ ಮೀರದು. ಹಬ್ಬ ನಡೆಯುವುದು ರೈಖ್ಸ್‌ಬ್ರೂಕೆ ಸೇತುವೆಯಿಂದ ನಾರ್ಡ್‌ಬ್ರೂಕೆ ಸೇತುವೆವರೆಗಿನ ಸುಮಾರು ನಾಲ್ಕೂವರೆ ಕಿಲೋಮೀಟರಿನಲ್ಲಿ. ಪಟ್ಟಿಯಂಥ ಜಾಗ, ಹೊರಗೆ ಹೋಗಲು ಕೆಲವೇ ಸೇತುವೆ. ಒಂದು ತುದಿಯ ವೇದಿಕೆಯಿಂದ ಇನ್ನೊಂದು ತುದಿಗೆ ಜನರ ನಡುವೆ ಒಂದು ಗಂಟೆಗೂ ಮೇಲೆ ಹಿಡಿಯುತ್ತದೆ. ಎಂಟಕ್ಕೆ ಇಲ್ಲಿ, ಒಂಬತ್ತಕ್ಕೆ ಅಲ್ಲಿ ಎಂದು ಪಟ್ಟಿ ಮಾಡಿದವರು ಎರಡು ಕಡೆಯೂ ಅರ್ಧರ್ಧ ಕೇಳುತ್ತಾರೆ. ಸಂಜೆಗೆ ಅಕ್ಕಪಕ್ಕದ ಎರಡು ವೇದಿಕೆ ಸಾಕು. ಗೆಳೆಯರು ಸೇರುವ ಜಾಗಕ್ಕೆ ಸೇತುವೆಯ ಹೆಸರು ಹೇಳಿ, ಮೊಬೈಲ್ ನೆಚ್ಚಬೇಡಿ. ಕತ್ತಲಾದ ಮೇಲೆ ನೆಟ್‌ವರ್ಕ್ ಕೈಕೊಡುತ್ತದೆ.

ಎ4 ಹಾಳೆಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ, ಗಾಜಿನ ಬಾಟಲಿಯೂ ಅಷ್ಟೆ. ರೈಲಿಳಿದು ಬೆನ್ನುಚೀಲದ ಸಮೇತ ಬಂದವರು ತಪಾಸಣೆಯ ಜಾಗದಿಂದ ಹಿಂದಿರುಗುವುದು ಪ್ರತಿ ವರ್ಷದ ಕಥೆ. ಸಣ್ಣ ಪ್ಲಾಸ್ಟಿಕ್ ಬಾಟಲಿ ಸಾಕು, ಕುಡಿಯುವ ನೀರಿನ ನಲ್ಲಿಗಳಿವೆ. ವಿಯೆನ್ನಾದ ನಲ್ಲಿ ನೀರು 1873ರಿಂದ ಆಲ್ಪ್ಸ್ ಬೆಟ್ಟದ ಊಟೆಗಳಿಂದ ಬರುವುದು. ದುಡ್ಡು ಕೊಟ್ಟು ಬಾಟಲಿ ನೀರು ಕೊಳ್ಳುವುದು ದಂಡ. ಇಯರ್‌ಪ್ಲಗ್, ತೆಳು ರೇನ್‌ಕೋಟ್ ಇರಲಿ. ಬಿಸಿಲು ಕಾದ ದಿನದ ಸಂಜೆ ಗುಡುಗು ಮಳೆ ಬಂದರೆ ನಿಲ್ಲಲು ಸೂರಿಲ್ಲ.

ಸಸ್ಯಾಹಾರಿಗಳು ಒಂದು ಹೆಸರು ನೆನಪಿಡಿ: ಕೇಸೆಕ್ರೈನರ್. ಕೇಸೆ ಎಂದರೆ ಚೀಸ್ ಎಂದು ಅರ್ಧ ಜರ್ಮನ್ ಬಲ್ಲವರು ಖುಷಿಯಿಂದ ಕೊಳ್ಳುತ್ತಾರೆ. ಅದು ಚೀಸ್ ಬೆರೆಸಿದ ಹಂದಿ ಮಾಂಸದ ಸಾಸೇಜ್. ಲಾಂಗೋಷ್ ಕೇಳಿ, ಎಣ್ಣೆಯಲ್ಲಿ ಕರಿದು ಬೆಳ್ಳುಳ್ಳಿ ಸವರಿದ ಅಗಲದ ಹಿಟ್ಟಿನ ರೊಟ್ಟಿ, ನಮ್ಮ ಭಟೂರೆಯ ದೂರದ ನೆಂಟ. ಪಾನೀಯದ ಲೋಟಕ್ಕೆ ಠೇವಣಿ ಹಿಡಿಯುತ್ತಾರೆ, ಲೋಟ ಮರಳಿಸಿದರೆ ವಾಪಸ್. ಅಂಗಡಿಯ ಪ್ಲಾಸ್ಟಿಕ್ ಬಾಟಲಿ, ಕ್ಯಾನುಗಳಿಗೂ 2025ರಿಂದ 25 ಸೆಂಟ್ ಠೇವಣಿ ಇದೆ. ದಿನಸಿ ಶನಿವಾರ ಸಂಜೆ ಆರರೊಳಗೆ ಕೊಳ್ಳಿ. ಭಾನುವಾರ ಅಂಗಡಿ ಮುಚ್ಚಿರುತ್ತವೆ. ಪ್ರಾಟರ್‌ಸ್ಟರ್ನ್‌ನಂಥ ದೊಡ್ಡ ನಿಲ್ದಾಣಗಳ ಸೂಪರ್‌ಮಾರ್ಕೆಟ್ ಮಾತ್ರ ತೆರೆದಿರುತ್ತದೆ, ಅಲ್ಲಿ ಸಾಲು ಉದ್ದ.

ನಗರ ಸಾರಿಗೆಗೆ ಭಾನುವಾರ ರಾತ್ರಿಯವರೆಗೂ ನಡೆಯುವ ಟಿಕೆಟ್ ತೆಗೆಯಿರಿ. ಕಾಗದದ ಟಿಕೆಟ್ ಮೇಲೆ ಸಮಯ ಮುದ್ರಣವಾಗಿರದಿದ್ದರೆ ನೀಲಿ ಪೆಟ್ಟಿಗೆಯಲ್ಲಿ ತೂರಿಸಿ; ಮುದ್ರೆಯಿಲ್ಲದ ಟಿಕೆಟ್ ಇಲ್ಲದ ಟಿಕೆಟ್ಟಿಗೆ ಸಮ, ದಂಡ 100 ಯೂರೋ ದಾಟುತ್ತದೆ.

ಶುಕ್ರವಾರ, ಶನಿವಾರ ರಾತ್ರಿ ಮೆಟ್ರೋ ಬೆಳಗಿನವರೆಗೂ ಕಾಲು ಗಂಟೆಗೊಂದು ಓಡುತ್ತದೆ. ಈ ಅಭ್ಯಾಸವೇ ಭಾನುವಾರ ಕೆಡಿಸುವುದು. ಅವತ್ತು ಮಾಮೂಲು ವೇಳಾಪಟ್ಟಿಯಲ್ಲಿ ಮೆಟ್ರೋ ಹನ್ನೆರಡೂವರೆ ಸುಮಾರಿಗೆ ನಿಲ್ಲುತ್ತದೆ, ಆಮೇಲೆ ಎನ್ ಅಕ್ಷರದ ರಾತ್ರಿ ಬಸ್ಸುಗಳೇ ಗತಿ. ಕೊನೆಯ ಹಾಡು ಮುಗಿದೊಡನೆ ಎಲ್ಲರೂ ಡೋನೌಇನ್ಸೆಲ್ ನಿಲ್ದಾಣಕ್ಕೇ ನುಗ್ಗುತ್ತಾರೆ. ನೀವು ರೈಖ್ಸ್‌ಬ್ರೂಕೆಯ ಕಾಲುದಾರಿ ಹತ್ತಿ ನಗರದ ವಿರುದ್ಧ ದಿಕ್ಕಿಗೆ ಹತ್ತು ಹನ್ನೆರಡು ನಿಮಿಷ ನಡೆದು ಕೈಸರ್‌ಮ್ಯೂಲೆನ್ ನಿಲ್ದಾಣಕ್ಕೆ ಹೋಗಿ. ನಗರಕ್ಕೆ ಬರುವ ರೈಲು ಅಲ್ಲಿ ನಿಂತು ಆಮೇಲೆ ದ್ವೀಪಕ್ಕೆ ಬರುತ್ತದೆ, ಹಾಗಾಗಿ ಜನ ನುಗ್ಗುವ ಮೊದಲೇ ನೀವು ಒಳಗಿರುತ್ತೀರಿ. ಅವತ್ತೇ ಊರು ಬಿಡುವ ಆಸೆ ಬೇಡ; ರಾತ್ರಿ ರೈಲು ಹಿಡಿಯಹೊರಟರೆ ಮುಖ್ಯ ಸಂಗೀತ ಕಾರ್ಯಕ್ರಮವೇ ತಪ್ಪಿಹೋಗುತ್ತದೆ. ಭಾನುವಾರಕ್ಕೂ ಹಾಸಿಗೆ ಕಾದಿರಿಸಿ, ಸೋಮವಾರ ಬೆಳಗಿನ ಮೊದಲ ರೈಲುಗಳಲ್ಲಿ ಒಂದನ್ನು ಹಿಡಿಯಿರಿ. ಮ್ಯೂನಿಕ್‌ನವರಿಗೆ ಮಧ್ಯಾಹ್ನದ ತರಗತಿ ಸಿಗುತ್ತದೆ.