ಟೈಲ್ಸ್‌ಗೂ ಮೊದಲು ವ್ಯಾಟ್ ಹೇಳಿ

ಮೈಸೂರಿನಲ್ಲಿ ಮನೆ ಕಟ್ಟಿಸುವವರು ಸ್ನಾನದ ಮನೆಯ ಟೈಲ್ಸ್ ಬಣ್ಣಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನೀರು ಕಾಯಿಸುವ ಯಂತ್ರ ಯಾವುದೆಂದು ಮಾತ್ರ ಗೃಹಪ್ರವೇಶ ಹತ್ತಿರ ಬಂದಾಗ ತಿಳಿಸುತ್ತಾರೆ. ವೈರಿಂಗ್ ಗುತ್ತಿಗೆ ಮಾಡುವ ನಾನು ಗೋಡೆ ಕೊರೆಯುವ ಮೊದಲೇ ಕೇಳುವುದು ಅದನ್ನೇ. ‘ಸೋಲಾರ್ ಇದೆಯಲ್ಲ’ ಎನ್ನುವವರೂ ಇದ್ದಾರೆ. ಆಷಾಢದ ಮೋಡಕ್ಕೆ ಸೋಲಾರ್ ಏನು ಮಾಡೀತು?

ಬೋಗಾದಿ ಕಡೆಯ ಒಂದು ಮನೆಯಲ್ಲಿ ಪ್ಲಾಸ್ಟರ್ ಮುಗಿದಿತ್ತು. ಆಗ ಯಜಮಾನರ ಮಗ ಇಂಗ್ಲೆಂಡಿನಿಂದ ಎಲೆಕ್ಟ್ರಿಕ್ ಶವರ್, ಅಂದರೆ ಹರಿಯುವ ನೀರನ್ನು ಆಗಿಂದಾಗಲೇ ಕಾಯಿಸುವ ಶವರ್, ತಂದರು. ಪೆಟ್ಟಿಗೆಯ ಮೇಲೆ 240 ವೋಲ್ಟ್‌ಗೆ 8.5 ಕಿಲೋವ್ಯಾಟ್ ಎಂದಿತ್ತು. ಅಂದರೆ 35 ಆಂಪಿಯರ್ ಕರೆಂಟು. ನಮ್ಮಲ್ಲಿ ಸಾಮಾನ್ಯವಾಗಿ ಹಾಕುವ 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಅದನ್ನೇ ಮನಸ್ಸಿನಲ್ಲಿಟ್ಟು 2.5 ಚದರ ಮಿಲಿಮೀಟರ್ ವೈರು, 20 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್), 16 ಆಂಪಿಯರ್ ಸಾಕೆಟ್ ಎಂದು ಲೆಕ್ಕ ಹಾಕಿ ಪೈಪು ಹೂತಿದ್ದೆವು.

‘40ರ ಎಂಸಿಬಿ ಹಾಕಿಬಿಡಿ, ಟ್ರಿಪ್ ಆಗುವುದಿಲ್ಲ’ ಎಂದರು ಯಜಮಾನರ ಭಾವಮೈದ. ನಿಜ, ಆಗುವುದಿಲ್ಲ. ಗೋಡೆಯೊಳಗೆ ವೈರು ಕಾದು ಅದರ ಪಿವಿಸಿ ಮೆತ್ತಗಾಗುತ್ತಿದ್ದರೂ ಆಗುವುದಿಲ್ಲ. ಎಂಸಿಬಿ ಕಾಪಾಡುವುದು ವೈರನ್ನು, ಯಂತ್ರವನ್ನಲ್ಲ. ವೈರು ಎಷ್ಟು ತಡೆಯುತ್ತದೋ ಅದಕ್ಕಿಂತ ದೊಡ್ಡ ಎಂಸಿಬಿ ಕೂರಿಸುವುದೆಂದರೆ ಕಾವಲುಗಾರನಿಗೆ ನಿದ್ದೆಮಾತ್ರೆ ಕೊಟ್ಟಂತೆ. ಆ ಶವರ್‌ಗೆ 40 ಆಂಪಿಯರ್ ಎಂಸಿಬಿ ಸರಿಯೇ, ಆದರೆ ಎಂಸಿಬಿಗಳನ್ನು ಕೂರಿಸುವ ಪೆಟ್ಟಿಗೆಯಾದ ಡಿಬಿಯಿಂದ 10 ಚದರ ಮಿಲಿಮೀಟರಿನ ತಾಮ್ರದ ವೈರು ಪ್ರತ್ಯೇಕವಾಗಿ, ನಡುವೆ ಎಲ್ಲೂ ಜಾಯಿಂಟ್ ಇಲ್ಲದೆ ಬರಬೇಕು. 20 ಮಿಲಿಮೀಟರ್ ಪೈಪಿನಲ್ಲಿ ಅಂಥ ಮೂರು ವೈರು ಎಳೆಯಲು ಒದ್ದಾಡುವುದಕ್ಕಿಂತ ಗೋಡೆಯನ್ನು ಮತ್ತೆ ಕೊರೆಯುವುದೇ ವಾಸಿ.

ಪ್ಲಗ್ಗಿನ ಮಾತೇ ಇಲ್ಲ. ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್ ಬೇಕು, ಅದೂ ಬಾಗಿಲ ಹೊರಗೆ. ಸ್ಕ್ರೂ ಬಿಗಿಯ ಬಗ್ಗೆ ನನ್ನ ಹುಡುಗರಿಗೆ ನಾನು ಬೇಸರವಾಗುವಷ್ಟು ಹೇಳುತ್ತೇನೆ. ಸಡಿಲ ಜೋಡಣೆಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 13ರ ಬದಲು 35 ಆಂಪಿಯರ್ ಹರಿದರೆ ಅದೇ ಸಡಿಲ ಸ್ಕ್ರೂ ಏಳು ಪಟ್ಟು ಕಾಯುತ್ತದೆ.

ಇನ್ನು ಪ್ರಾಣದ ವಿಷಯ. ವೈರ್‌ಗೆ ಎಂಸಿಬಿ ಇದ್ದಂತೆ ಮನುಷ್ಯನಿಗೆ, ಕರೆಂಟು ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು. ಬೋರ್‌ವೆಲ್‌ನ ಗಡಸು ನೀರಿಗೆ ಕಾಯಿಲ್ ಮೇಲೆ ಸುಣ್ಣ ಕಟ್ಟಿ, ಹೊದಿಕೆ ಬಿರಿದರೆ ಕರೆಂಟು ನೀರಿಗಿಳಿಯುತ್ತದೆ. ಹಳೆಯ ಮನೆಗಳಲ್ಲಿ ಕಬ್ಬಿಣದ ನಲ್ಲಿ ಪೈಪನ್ನೇ ಅರ್ಥ್ ಎಂದು ನಂಬಿದವರಿದ್ದರು. ಈಗ ಪೈಪೆಲ್ಲ ಪ್ಲಾಸ್ಟಿಕ್. ಹಸಿರು ವೈರು ನಿಜವಾಗಿ ಅರ್ಥ್ ಗುಂಡಿಯವರೆಗೆ ಹೋಗಿದೆಯೇ ಎಂದು ಉಪಕರಣವಿಟ್ಟು ಅಳೆಯದೆ ನಾನು ಗೀಸರ್ ಚಾಲೂ ಮಾಡುವುದಿಲ್ಲ.

ಮನೆಗೆ ಮಂಜೂರಾಗಿದ್ದ ಲೋಡ್ 3 ಕಿಲೋವ್ಯಾಟ್. ಶವರ್ ಒಂದೇ ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಲೋಡ್ ಹೆಚ್ಚಿಸಲು ಇಲ್ಲಿನ ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್‌ಗೆ ಅರ್ಜಿ ಹಾಕಬೇಕು. ಥ್ರೀ ಫೇಸ್ ಪಡೆದರೂ ಈ ಯಂತ್ರದ ಭಾರ ಪೂರ್ತಿ ಒಂದೇ ಫೇಸಿನ ಮೇಲೆ. ಸಂಜೆ ವೋಲ್ಟೇಜ್ 200ಕ್ಕೆ ಇಳಿದರೆ 8.5 ಕಿಲೋವ್ಯಾಟ್ ಆರಕ್ಕೂ ಕೆಳಗೆ ಬರುತ್ತದೆ.

ಮಗನಿಗೆ ಮನವರಿಕೆಯಾದದ್ದು ಇದಾವುದರಿಂದಲೂ ಅಲ್ಲ, ನೀರಿನ ಒತ್ತಡದಿಂದ. ಪೆಟ್ಟಿಗೆಯೊಳಗಿನ ಕಾಗದದಲ್ಲಿ ಕನಿಷ್ಠ 1 ಬಾರ್ ಎಂದಿತ್ತು. ಅಷ್ಟು ಒತ್ತಡಕ್ಕೆ ಟ್ಯಾಂಕು ಶವರ್‌ಗಿಂತ ಹತ್ತು ಮೀಟರ್ ಮೇಲಿರಬೇಕು. ತಾರಸಿಯ ಟ್ಯಾಂಕು ಮೂರು ಮೀಟರ್ ಇದ್ದರೆ ಹೆಚ್ಚು. ಪಂಪು ಬೇರೆ ಬೇಕೆಂದಾಗ ಯಜಮಾನರು ಲೆಕ್ಕ ನಿಲ್ಲಿಸಿದರು.

25 ಲೀಟರಿನ, 2 ಕಿಲೋವ್ಯಾಟಿನ ಸಾದಾ ಗೀಸರ್ ಹಾಕಿದೆವು. ನೀರು 25 ಡಿಗ್ರಿ ಏರಲು ಇಪ್ಪತ್ತೆರಡು ನಿಮಿಷದಷ್ಟು ಬೇಕು. ಎದ್ದವರು ಸ್ವಿಚ್ ಹಾಕಿ ಕಾಫಿ ಕುಡಿದು ಬರಬಹುದು. ಇಂಗ್ಲೆಂಡಿನ ಪೆಟ್ಟಿಗೆ ಮಗನ ಜೊತೆಯಲ್ಲೇ ಹಿಂದಿರುಗಿತು.